ಹುಯ್ಯಲಿಗೆ ಓಗೊಡುವವರು

ಹಳಗನ್ನಡದಲ್ಲಿ ‘ಪುಯ್ಯಲ್’ ಎಂಬ ಒಂದು ಮಾತಿದೆ. ಕೂಗು, ಮೊರೆ, ಗೋಳು ಎಂಬ ಅರ್ಥಗಳೆಲ್ಲ ಅದಕ್ಕುಂಟು. ಅದೇ ಮುಂದೆ ‘ಹುಯ್ಯಲು’ ಆಗಿ, ನಮ್ಮ ಕಾಲಕ್ಕೆ ‘ಹುಯಿಲು’ ಎಂದು ಸವೆದು, ಈಗ ಹುಯಿಲೆಬ್ಬಿಸುವುದೆಂದರೆ ವೃಥಾ ಗದ್ದಲ ಮಾಡುವುದು ಎಂಬಷ್ಟಕ್ಕೆ ಇಳಿದುಬಿಟ್ಟಿದೆ. ಶಾಸನಗಳ ಕಾಲದಲ್ಲಿ ಅದು ಇಷ್ಟು ಹಗುರವಾದ ಮಾತಾಗಿರಲಿಲ್ಲ. ದನಗಳನ್ನು ಹೊಡೆದುಕೊಂಡು ಹೋದರೆ ತುರುಗೊಳ್, ಊರನ್ನು ಸೂರೆಗೊಂಡರೆ ಊರಳಿವು, ಹೆಣ್ಣಿನ ಮಾನಕ್ಕೆ ಕೇಡೊದಗಿದಾಗ ಎದ್ದ ಕೂಗು ಪೆಣ್ಬುಯ್ಯಲ್. ಈ ಕೂಗು ಕಿವಿಗೆ ಬಿದ್ದೊಡನೆ ಕೈಗೆ ಸಿಕ್ಕ ಆಯುಧ ಹಿಡಿದು ಓಡಿದವನು, ಓಡಿ ಮಡಿದವನು, ವೀರಗಲ್ಲಿನ ಮೇಲೆ ನಿಂತನು. ನಮ್ಮ ನಾಡಿನ ಸಾವಿರಾರು ವೀರಗಲ್ಲುಗಳನ್ನು ಯುದ್ಧದ ನೆನಪುಗಳೆಂದು ಮಾತ್ರ ಓದುವುದು ವಾಡಿಕೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ನೆರೆಯವರ ಮೊರೆಗೆ ಓಗೊಟ್ಟವರ ಸ್ಮಾರಕಗಳೂ ಹೌದು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಹುಯ್ಯಲು ಎಷ್ಟು ದೂರ ಕೇಳಿಸುವುದೋ ಅಷ್ಟೇ ದೂರದಿಂದ ನೆರವು ಬರುತ್ತದೆ. ಮನುಷ್ಯನ ಕೊರಳಿಗೆ ಒಂದು ಮಿತಿಯುಂಟು. ಕೊಂಬು, ನಗಾರಿಗಳ ಮಿತಿ ಅದಕ್ಕಿಂತ ಸ್ವಲ್ಪ ಹೆಚ್ಚು. ಅದರಾಚೆಗೆ ಓಲೆಕಾರನ ಕಾಲು, ಕುದುರೆಯ ಕಾಲು. ಕಾಗಿಣಾ ನದಿಯ ದಡದ ಮಾನ್ಯಖೇಟ, ಅಂದರೆ ಈಗಿನ ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ದಕ್ಷಿಣಾಪಥವನ್ನೇ ಆಳಿದ ಆ ಪಟ್ಟಣವನ್ನು 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಸೂರೆಮಾಡಿದ. ಸಾಮ್ರಾಜ್ಯ ದೊಡ್ಡದಾದಷ್ಟೂ ಕೂಗಿಗೂ ನೆರವಿಗೂ ನಡುವಿನ ದಾರಿ ದೊಡ್ಡದಾಗುತ್ತದೆ. ಈ ದಾರಿಯನ್ನು ಕಿರಿದು ಮಾಡುವ ಪ್ರಯತ್ನದ ಚರಿತ್ರೆಯನ್ನೇ ಇಲ್ಲಿ ಸ್ವಲ್ಪ ನೋಡೋಣ. ನೋಡುವುದಕ್ಕೆ ಲಂಡನ್ನಿಗೋ ನ್ಯೂಯಾರ್ಕಿಗೋ ಮೊದಲೇ ಹೋಗಬೇಕಾಗಿಲ್ಲ. ಶಹಾಬಾದಿನ ಮಗ್ಗುಲಲ್ಲಿರುವ ಭಂಕೂರಿನಂಥ ಊರಿನಲ್ಲಿ ನಿಂತರೂ ಸಾಕು. ಅದರ ಹೆಚ್ಚು ಪಾಲು ಅಧ್ಯಾಯಗಳು ಈ ಸುತ್ತಿನಲ್ಲೇ ಕಾಣಿಸುತ್ತವೆ.

ಹಳಿಯ ಪಕ್ಕದ ತಂತಿ

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಹಳಿಯ ಜೊತೆಗೆ ತಂತಿಯೂ ಬಂತು. ಜನ ಬೆರಗಾಗಿ ನೋಡಿದ್ದು ಉಗಿಬಂಡಿಯನ್ನು. ಅದನ್ನು ಕಾಪಾಡುತ್ತಿದ್ದುದು ಮಾತ್ರ ಕಂಬದ ಮೇಲಿನ ಆ ಸಣ್ಣ ತಂತಿ. ಮುಂದಿನ ನಿಲ್ದಾಣದವರು ‘ಲೈನ್ ಕ್ಲಿಯರ್’ ಎಂದು ತಿಳಿಸುವ ತನಕ ಈ ನಿಲ್ದಾಣದವರು ಗಾಡಿಯನ್ನು ಬಿಡಕೂಡದು ಎಂಬ ಕಟ್ಟಳೆ ಎಷ್ಟು ಜೀವಗಳನ್ನು ಉಳಿಸಿದೆಯೆಂದು ಲೆಕ್ಕ ಹಾಕಿದವರಿಲ್ಲ. ಆಗದೆ ಹೋದ ಅಪಘಾತದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲವಷ್ಟೆ.

ಈ ತಂತಿಯ ವ್ಯವಸ್ಥೆಯಲ್ಲಿ ಮುಂದಿನ ಕಾಲಕ್ಕೆಲ್ಲ ಸಲ್ಲುವ ಒಂದು ಪಾಠವಿತ್ತು. ತಂತಿ ಎಳೆದರೆ ಸಾಲದು; ಅದರ ಎರಡು ತುದಿಗಳಲ್ಲೂ ಎಚ್ಚರವಾಗಿರುವ ಒಬ್ಬೊಬ್ಬ ಮನುಷ್ಯ ಬೇಕು. ಆಡಬೇಕಾದ ಮಾತು ಮೊದಲೇ ಗೊತ್ತಾಗಿರಬೇಕು. ಕೆಟ್ಟರೆ ಸರಿಪಡಿಸುವವನು ಯಾರೆಂಬುದು ಕೆಡುವ ಮೊದಲೇ ನಿಶ್ಚಯವಾಗಿರಬೇಕು.

ಆದರೆ ತಂತಿ ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಎರಡು ನಿಲ್ದಾಣಗಳ ನಡುವೆ ಓಡುತ್ತಿರುವ ಗಾಡಿಯ ಚಾಲಕನಿಗೆ ಮುಂದಿನ ಸೇತುವೆ ಕೊಚ್ಚಿಹೋಗಿದೆಯೆಂದು ತಿಳಿಸುವುದು ಹೇಗೆ? ಅದಕ್ಕಿದ್ದುದು ಮಳೆಗಾಲದಲ್ಲಿ ಹಳಿಯ ಮೇಲೆ ಲಾಂದ್ರ ಹಿಡಿದು ನಡೆಯುವ ಗ್ಯಾಂಗಿನ ಆಳು, ಅವನ ಕೆಂಪು ಬಾವುಟ, ಹಳಿಗೆ ಕಟ್ಟುವ ಪಟಾಕಿ. ಬ್ರಾಡ್‌ಗೇಜ್ ಮಾರ್ಗದಲ್ಲಿ ಅಪಾಯದ ಸ್ಥಳದಿಂದ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿಗಳನ್ನಿಡಬೇಕೆಂಬುದು ನಿಯಮ. ಗಾಲಿ ಹಾಯ್ದೊಡನೆ ಸಿಡಿಯುವ ಆ ಸದ್ದೇ ಚಾಲಕನ ಕಿವಿಗೆ ಬೀಳುವ ಹುಯ್ಯಲು. ಗಾರ್ಡನ ಬಳಿ ಒಂದು ಒಯ್ಯುವ ಟೆಲಿಫೋನ್ ಇರುತ್ತಿತ್ತು. ಉದ್ದನೆಯ ಕೋಲಿನಿಂದ ಅದರ ಕೊಂಡಿಯನ್ನು ಮೇಲಿನ ತಂತಿಗೆ ಸಿಕ್ಕಿಸಿ ಕಂಟ್ರೋಲಿನವರೊಡನೆ ಮಾತಾಡಬಹುದಾಗಿತ್ತು. ಆದರೆ ಇದು ಗಾಡಿ ನಿಂತ ಮೇಲಿನ ಮಾತು. 1956ರ ಸೆಪ್ಟೆಂಬರಿನಲ್ಲಿ ಆಗಿನ ಹೈದರಾಬಾದ್ ರಾಜ್ಯದ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಪ್ರಯಾಣಿಕರು ಸತ್ತಾಗ, ಓಡುತ್ತಿರುವ ಗಾಡಿಯೊಡನೆ ಮಾತನಾಡುವ ಸಾಧನ ನಮ್ಮಲ್ಲಿ ಇರಲಿಲ್ಲ. ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಗಳು ಆಗಲೇ ರಾಜೀನಾಮೆ ಕೊಡಮುಂದಾಗಿದ್ದರು. ಅದೇ ನವೆಂಬರಿನಲ್ಲಿ ಅರಿಯಲೂರಿನ ದುರಂತವಾದ ಮೇಲೆ ಅಧಿಕಾರ ಬಿಟ್ಟೇಬಿಟ್ಟರು.

ತಂತಿಯಿಲ್ಲದ ಮಾತು

ತಂತಿಯಿಲ್ಲದೆ ಸಂಕೇತ ಸಾಗಬಲ್ಲದೆಂದು ನಮ್ಮವರೇ ಆದ ಜಗದೀಶ ಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ತೋರಿಸಿದರು. ಮಾರ್ಕೋನಿ ಮರುವರ್ಷ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೋರಿ, ವ್ಯಾಪಾರದ ದಾರಿ ಹಿಡಿದ. ನಿಸ್ತಂತು ಮೊದಲು ಜೀವರಕ್ಷಕವಾದದ್ದು ಕಡಲಿನ ಮೇಲೆ. ಟೈಟಾನಿಕ್ ಹಡಗಿನ ಕಥೆ ಎಲ್ಲರಿಗೂ ಗೊತ್ತು. ಅದರೊಳಗಿನ ಒಂದು ಉಪಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. 1912ರ ಏಪ್ರಿಲ್ 14ರ ರಾತ್ರಿ ಆ ಹಡಗು ಹಿಮಬಂಡೆಗೆ ತಾಗಿದಾಗ ಕಾರ್ಪೇಥಿಯಾ ಎಂಬ ಹಡಗು ಕೂಗನ್ನು ಕೇಳಿ ಓಡಿಬಂದು ಏಳುನೂರಕ್ಕೂ ಹೆಚ್ಚು ಮಂದಿಯನ್ನು ಎತ್ತಿಕೊಂಡಿತು. ಅದಕ್ಕಿಂತ ಹತ್ತಿರದಲ್ಲೇ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ನಿಂತಿತ್ತು. ಅದರಲ್ಲಿಯೂ ನಿಸ್ತಂತು ಯಂತ್ರವಿತ್ತು. ಆದರೆ ಇದ್ದ ಒಬ್ಬನೇ ಆಪರೇಟರ್ ದಿನದ ಕೆಲಸ ಮುಗಿಸಿ ಮಲಗಲು ಹೋಗಿದ್ದ. ಅವನದು ತಪ್ಪಲ್ಲ, ರಾತ್ರಿಯೆಲ್ಲ ಕೇಳುತ್ತ ಕೂರಬೇಕೆಂಬ ನಿಯಮವೇ ಇರಲಿಲ್ಲ. ಹಡಗುಗಳಲ್ಲಿ ಹಗಲಿರುಳೂ ಕಿವಿಗೊಟ್ಟಿರಬೇಕೆಂಬ ಮಾತು 1914ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಸೇರಿದ್ದು ಆ ಸಾವುಗಳ ಮೇಲೆ.

ನೆಲದ ಮೇಲೆ ಈ ಸಾಧನವನ್ನು ಮೊದಲು ನೆಚ್ಚಿದವರು ಪೊಲೀಸರು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1928ರಲ್ಲಿ ಪೊಲೀಸ್ ಕಾರುಗಳಿಗೆ ರೇಡಿಯೋ ಬಂತು. ಅದು ಒಮ್ಮುಖ. ಠಾಣೆ ಹೇಳುತ್ತಿತ್ತು, ಕಾರು ಕೇಳುತ್ತಿತ್ತು. ಉತ್ತರ ಕೊಡಬೇಕಾದರೆ ಪೇದೆ ಕಾರನ್ನು ನಿಲ್ಲಿಸಿ ಟೆಲಿಫೋನ್ ಹುಡುಕಬೇಕಾಗಿತ್ತು. ನ್ಯೂಜೆರ್ಸಿಯ ಬೇಯೋನ್ ಎಂಬಲ್ಲಿ 1933ರಲ್ಲಿ ಎರಡೂ ಕಡೆಯಿಂದ ಮಾತಾಡುವ ಯಂತ್ರ ಬಂದ ಮೇಲೆ ನಿಜವಾದ ಸಂವಾದ ಸಾಧ್ಯವಾಯಿತು.

ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ, 1935ರಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಅಲ್ಲಿಂದ. ಅದೇ ವರ್ಷ ಹೈದರಾಬಾದಿನ ರೇಡಿಯೋ ನಿಜಾಮ್ ಸರ್ಕಾರದ ಕೈಗೆ ಬಂತು. ಕಲಬುರಗಿಗೆ ತನ್ನದೇ ಆಕಾಶವಾಣಿ ಕೇಂದ್ರ ದೊರೆತದ್ದು 1966ರಲ್ಲಿ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಆಕಾಶವಾಣಿ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಡಂಗುರಕ್ಕೂ ಹುಯ್ಯಲಿಗೂ ಇರುವ ವ್ಯತ್ಯಾಸವೇ ಇದು. ಡಂಗುರ ಅರಮನೆಯಿಂದ ಊರಿಗೆ ಬರುವ ಮಾತು. ಹುಯ್ಯಲು ಊರಿನಿಂದ ಹೊರಗೆ ಹೋಗಬೇಕಾದ ಮಾತು. ಭಾರತದಲ್ಲಿ ಪೊಲೀಸ್ ನಿಸ್ತಂತುವನ್ನು ರಾಜ್ಯರಾಜ್ಯಗಳ ನಡುವೆ ಹೊಂದಿಸುವುದಕ್ಕಾಗಿ ಕೇಂದ್ರ ಸರ್ಕಾರ 1946ರಲ್ಲಿ ಒಂದು ಇಲಾಖೆಯನ್ನು ಕಟ್ಟಿತು. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು ಹುಟ್ಟಿದ ಆ ಇಲಾಖೆ ಇಂದಿಗೂ ಗೃಹಮಂತ್ರಾಲಯದ ಕೆಳಗೆ ಕೆಲಸ ಮಾಡುತ್ತಿದೆ. ಬೆಂಗಳೂರಿನ ಗಸ್ತು ವಾಹನಗಳಿಗೆ ‘ಹೊಯ್ಸಳ’ ಎಂದು ಹೆಸರಿಟ್ಟವರು ಯಾರೋ ಚರಿತ್ರೆ ಬಲ್ಲವರೇ ಇರಬೇಕು. ಆ ವಂಶದ ಹೆಸರಿನ ಕಥೆಯೇ ಒಂದು ಕೂಗಿನ ಕಥೆಯಲ್ಲವೆ?

ಲಾತೂರಿನ ಬೆಳಗು

1993ರ ಸೆಪ್ಟೆಂಬರ್ 30. ಮಹಾರಾಷ್ಟ್ರದಲ್ಲಿ ಗಣಪತಿಯನ್ನು ಕಳಿಸಿ ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ ನಾಲ್ಕು ನಿಮಿಷ ಮುಂಚೆ ಲಾತೂರ್ ಜಿಲ್ಲೆಯ ಕಿಲಾರಿಯ ಸುತ್ತ ನೆಲ ನಡುಗಿತು. ಮಣ್ಣು ಮೆತ್ತಿದ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಡಿಯ ಈಚೆಗೆ ಬೀದರ, ಕಲಬುರಗಿ ಜಿಲ್ಲೆಗಳ ಜನರೂ ಬೆದರಿ ಹೊರಗೆ ಓಡಿಬಂದರು. ಆ ಹಳ್ಳಿಗಳಿಂದ ಹೊರಜಗತ್ತಿಗೆ ಸುದ್ದಿ ಹೋಗುವುದಕ್ಕೆ ಹವ್ಯಾಸಿ ರೇಡಿಯೋ ಬಳಗದವರೂ ನೆರವಾದರು. ಇವರನ್ನು ‘ಹ್ಯಾಮ್’ ಎನ್ನುತ್ತಾರೆ. ಪರೀಕ್ಷೆ ಕಟ್ಟಿ, ಸರ್ಕಾರದ ಪರವಾನಗಿ ಪಡೆದು, ಸ್ವಂತ ಖರ್ಚಿನಲ್ಲಿ ಯಂತ್ರ ಇಟ್ಟುಕೊಂಡು, ದೂರದ ಅಪರಿಚಿತರೊಡನೆ ಮಾತಾಡುವುದೇ ಇವರ ಸಂತೋಷ. ಬೆಂಗಳೂರಿನಲ್ಲಿ ಇವರ ಸಂಘ 1959ರಿಂದ ಇದೆ. ಒಂದು ಕಾರ್ ಬ್ಯಾಟರಿ, ಎರಡು ಮರಗಳ ನಡುವೆ ಕಟ್ಟಿದ ಒಂದು ತಂತಿ ಇದ್ದರೆ ಇವರ ಕೇಂದ್ರ ನಡೆಯುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಹ್ಯಾಮ್ ಕಾರ್ಯಕ್ಕಾಗಿಯೇ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ತಮ್ಮ ಯಂತ್ರದ ಮುಂದೆ ಕೂತು ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಜಗತ್ತಿಗೆಲ್ಲ ತಿಳಿದ ವಿಷಯ.

ಇವರನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಒಂದು ನಾಡು ತನ್ನ ಜನರ ಪ್ರಾಣವನ್ನು ಹವ್ಯಾಸಿಗಳ ಒಳ್ಳೆಯತನಕ್ಕೆ ಒಪ್ಪಿಸಿ ಕೂರಬಹುದೆ? ಅಗ್ನಿಶಾಮಕ ದಳ, ಪೊಲೀಸು, ಆಂಬುಲೆನ್ಸು, ಕಂದಾಯ ಇಲಾಖೆ ಇವೆಲ್ಲ ತಂತಮ್ಮ ಯಂತ್ರದಲ್ಲಿ ತಂತಮ್ಮವರೊಡನೆ ಮಾತ್ರ ಮಾತಾಡಿಕೊಂಡರೆ, ಒಂದೇ ಹಳ್ಳಿಯ ಒಂದೇ ಬೀದಿಯಲ್ಲಿ ನಿಂತ ನಾಲ್ವರು ಒಬ್ಬರ ಮಾತು ಒಬ್ಬರಿಗೆ ಕೇಳದೆ ಕಿವುಡರಾಗುತ್ತಾರೆ. ಈ ಕಷ್ಟವನ್ನು ಪರಿಹರಿಸಲು ಹೊರಟದ್ದೇ ಎಲ್ಲರಿಗೂ ಒಂದೇ ಜಾಲ ಎಂಬ ವಿಚಾರ.

ಎಲ್ಲರಿಗೂ ಒಂದು ಜಾಲ

ಇದರ ತತ್ವ ಸರಳ. ರೈಲ್ವೆ ಟಿಕೆಟ್ ಮನೆಯಲ್ಲಿ ನಾಲ್ಕು ಕಿಟಕಿ, ನಾಲ್ಕು ಸಾಲು ಇದ್ದರೆ, ಒಂದರಲ್ಲಿ ನೂಕುನುಗ್ಗಲು ಇರುವಾಗ ಇನ್ನೊಂದು ಖಾಲಿ ಇರುತ್ತದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಬರಿದಾದ ಕಿಟಕಿಗೆ ಮುಂದಿನವನನ್ನು ಕಳಿಸಿದರೆ ಎಲ್ಲರ ಕೆಲಸವೂ ಬೇಗ ಆಗುತ್ತದೆ. ರೇಡಿಯೋ ಅಲೆಗಳನ್ನೂ ಹೀಗೆಯೇ ಹಂಚುವ ವ್ಯವಸ್ಥೆಯನ್ನು ಯೂರೋಪಿನವರು 1990ರ ದಶಕದಲ್ಲಿ ‘ಟೆಟ್ರಾ’ ಎಂಬ ಹೆಸರಿನಲ್ಲಿ ರೂಪಿಸಿದರು. ಒಂದೇ ಅಲೆಯ ಮೇಲೆ ನಾಲ್ಕು ಸಂಭಾಷಣೆಗಳು ಸಾಗುತ್ತವೆ. ಯಾರು ಯಾರೊಡನೆ ಮಾತಾಡಬೇಕೆಂಬ ಗುಂಪುಗಳನ್ನು ಹೊತ್ತಿಗೆ ತಕ್ಕಂತೆ ಕಟ್ಟಬಹುದು. ಕೆಂಪು ಗುಂಡಿ ಒತ್ತಿದವನ ಮಾತಿಗೆ ಉಳಿದೆಲ್ಲ ಮಾತುಗಳು ದಾರಿಬಿಡುತ್ತವೆ. ಗೋಪುರವೇ ಬಿದ್ದುಹೋದರೂ ಹತ್ತಿರದ ಎರಡು ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಗೋಪುರ, ಬ್ಯಾಟರಿ, ದುರಸ್ತಿ, ಹಗಲಿರುಳಿನ ಕಾವಲು ಎಲ್ಲವೂ ಒಂದು ಸಂಸ್ಥೆಯ ಹೊಣೆ. ಪೊಲೀಸರೂ ಬೆಂಕಿ ಆರಿಸುವವರೂ ವೈದ್ಯರೂ ಅದರ ಚಂದಾದಾರರು. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಇಂಥ ಜಾಲವನ್ನು ಹಾಕಲಾಗಿತ್ತು.

ಇದನ್ನು ಕೇಳಿದೊಡನೆ ಎಲ್ಲ ಕಷ್ಟವೂ ತೀರಿತೆಂದು ತೋರುವುದು ಸಹಜ. ಹಾಗಲ್ಲವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ 1993ರ ಬಾಂಬ್ ಸ್ಫೋಟದ ಅನಂತರ ಅಗ್ನಿಶಾಮಕರ ಮಾತು ಮೇಲಿನ ಅಂತಸ್ತುಗಳಿಗೆ ಮುಟ್ಟುವಂತೆ ಒಂದು ಮರುಪ್ರಸಾರ ಯಂತ್ರವನ್ನು ಕೂರಿಸಿದ್ದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಅದರ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಲಾಗಿತ್ತು, ಇನ್ನೊಂದನ್ನು ಒತ್ತಿರಲಿಲ್ಲ. ಪರೀಕ್ಷೆ ಮಾಡಿದ ಮುಖ್ಯಾಧಿಕಾರಿ ಯಂತ್ರ ಕೆಟ್ಟಿದೆಯೆಂದು ತಿಳಿದು ಉತ್ತರದ ಗೋಪುರದಲ್ಲಿ ಬೇರೆ ದಾರಿ ಹಿಡಿದರು. ಅದೇ ಯಂತ್ರ ದಕ್ಷಿಣದ ಗೋಪುರದಲ್ಲಿದ್ದವರಿಗೆ ಕೆಲಸ ಮಾಡಿತು! ಆ ದಿನ 343 ಮಂದಿ ಅಗ್ನಿಶಾಮಕರು ಸತ್ತರು. ಒಂದು ಗುಂಡಿಯಿಂದಲೇ ಅಷ್ಟೂ ಜನ ಸತ್ತರೆಂದು ಹೇಳುವುದು ಅನ್ಯಾಯ. ಆದರೆ ಯಂತ್ರವಿದ್ದೂ ಅದನ್ನು ಬಲ್ಲ ಕೈ ಆ ಹೊತ್ತಿಗೆ ಒದಗದಿದ್ದರೆ ಏನಾಗುವುದೆಂಬುದು ಅಲ್ಲಿನ ವಿಚಾರಣಾ ಆಯೋಗದ ವರದಿಯಿಂದ ತಿಳಿಯುತ್ತದೆ. ಆ ದೇಶ 2012ರಲ್ಲಿ ರಕ್ಷಕರಿಗೆಂದೇ ದೇಶವ್ಯಾಪಿ ಜಾಲ ಕಟ್ಟಲು ಕಾನೂನು ಮಾಡಿತು.

ಎರಡನೆಯದು ಬ್ರಿಟನ್ನಿನ ಮಾತು. ಅಲ್ಲಿ ‘ಏರ್‌ವೇವ್’ ಎಂಬ ಜಾಲ ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಸೇವೆ ಕೊಡುತ್ತ ಬಂದಿದೆ. ಅದರ ಜಾಗಕ್ಕೆ ಹೊಸದನ್ನು ತರುವ ಕೆಲಸ ನಿಗದಿಯಾದ ಕಾಲಕ್ಕೆ ಮುಗಿಯಲಿಲ್ಲ. ಹಳೆಯದನ್ನು ಬಿಡುವಂತಿಲ್ಲ, ಬೇರೆ ಅಂಗಡಿಯೂ ಇಲ್ಲ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2023ರಲ್ಲಿ ಮಧ್ಯೆ ಬಂದು, ಜಾಲದ ಒಡೆಯರು ಪಡೆಯುವ ದರಕ್ಕೆ ಮಿತಿ ಹಾಕಿ, ವರ್ಷಕ್ಕೆ ಸುಮಾರು 20 ಕೋಟಿ ಪೌಂಡು ಕಡಿಮೆಯಾಗುವಂತೆ ಮಾಡಬೇಕಾಯಿತು. ಎಲ್ಲರ ಕೊರಳೂ ಒಂದೇ ಸಂಸ್ಥೆಯ ಮೂಲಕ ಕೂಗಬೇಕಾದಾಗ, ಆ ಸಂಸ್ಥೆಯ ಮೇಲೆ ಒಂದು ಕಣ್ಣಿರಬೇಕಾದದ್ದು ಅಗತ್ಯ.

ಹಳ್ಳ ಬಂದಾಗ

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರಲ್ಲಿ ಬಂತು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ಅನಂತರ ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಬೇಕೆಂಬ ಕೂಗು ಬಲವಾಗಿ, 2018ರಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ, 2019ರಲ್ಲಿ ನಮ್ಮ ರಾಜ್ಯದಲ್ಲಿ 112 ಜಾರಿಗೆ ಬಂತು. ಸಾವಿರ ವರ್ಷಗಳ ಹಿಂದಿನ ಶಾಸನಗಳು ಪೆಣ್ಬುಯ್ಯಲ್ ಎಂದು ಕರೆದುದಕ್ಕೆ ಇಂದಿನ ಸರ್ಕಾರ ಕೊಟ್ಟ ಉತ್ತರ ಈ ಮೂರು ಅಂಕಿಗಳು. ರೈಲ್ವೆಗೂ ಗಾಡಿಯೊಡನೆ ಮಾತಾಡುವ ಆಧುನಿಕ ನಿಸ್ತಂತುವಿಗಾಗಿ 2021ರಲ್ಲಿ ಪ್ರತ್ಯೇಕ ಅಲೆಗಳು ಮಂಜೂರಾದವು. ಇವೆಲ್ಲ ಆಗಬೇಕಾಗಿದ್ದ ಕೆಲಸಗಳೇ. ಆದರೆ ಭಂಕೂರು, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಡೆಯಿಂದ ನೋಡಿದಾಗ ಮೂರು ಪ್ರಶ್ನೆಗಳು ಏಳುತ್ತವೆ.

ಒಂದು, ಗಡಿಯ ಪ್ರಶ್ನೆ. ಈ ಸೀಮೆಯ ಒಂದು ಬದಿಗೆ ತೆಲಂಗಾಣ, ಇನ್ನೊಂದು ಬದಿಗೆ ಮಹಾರಾಷ್ಟ್ರ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹಳ್ಳಿಹಳ್ಳಿಗಳನ್ನೇ ತೆರವು ಮಾಡಬೇಕಾಗಿ ಬಂದಾಗ, ಆ ನೀರಿನಲ್ಲಿ ಒಂದು ಪಾಲು ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು. ನೀರಿಗೆ ರಾಜ್ಯದ ಗಡಿ ತಿಳಿಯದು; ಸುದ್ದಿ ಮಾತ್ರ ಗಡಿಯಲ್ಲಿ ನಿಂತು ಕಾಗದಪತ್ರಕ್ಕೆ ಕಾಯುವಂತಾಗಬಾರದು. ನೀರು ಬರುವುದಕ್ಕಿಂತ ಮುಂಚೆ ಮಾತು ಬಂದರೆ ಅದು ಎಚ್ಚರಿಕೆ. ಆಮೇಲೆ ಬಂದರೆ ಅದು ವರದಿ.

ಎರಡು, ಬ್ಯಾಟರಿಯ ಪ್ರಶ್ನೆ. ಪೊಲೀಸ್ ನಿಸ್ತಂತುವಿನ ಅಲೆಗಳು ಬಹುಮಟ್ಟಿಗೆ ನೇರ ನೋಟದಲ್ಲಿ ಸಾಗುವಂಥವು. 30 ಮೀಟರ್ ಎತ್ತರದ ಕಂಬದಿಂದ ಬಯಲಿನಲ್ಲಿ ಸುಮಾರು 20 ಕಿಲೋಮೀಟರ್ ಮುಟ್ಟಬಹುದು. ಚಿಂಚೋಳಿಯ ಗುಡ್ಡ, ಕಾಡುಗಳ ನಡುವೆ ಅಷ್ಟೂ ಆಗದು. ಆದ್ದರಿಂದ ನಡುನಡುವೆ ಮರುಪ್ರಸಾರದ ಕಂಬಗಳು ಬೇಕು. ವಿದ್ಯುತ್ತು ಹೋದಾಗ ಅವನ್ನು ಎತ್ತಿಹಿಡಿಯುವುದು ಬ್ಯಾಟರಿ, ಡೀಸೆಲ್ಲು. ಮಳೆಗಾಲ ಹುಟ್ಟುವ ಮೊದಲೇ ಅವನ್ನು ನೋಡಿ ಬರುವವರು ಯಾರು? ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಭೋಂಗಾದ ಕಾಲವನ್ನು ಬಲ್ಲ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೋಂಗಾ ದಿನವೂ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದುದರಿಂದಲೇ, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದಾಗ ಜನ ಎದೆಯೊಡೆದು ಹೊರಗೆ ಬರುತ್ತಿದ್ದರು. ದಿನವೂ ಬಳಸದ ಸಾಧನ ಆಪತ್ತಿನ ದಿನ ಕೈಕೊಡುತ್ತದೆ.

ಮೂರನೆಯದು ಭಾಷೆಯ ಪ್ರಶ್ನೆ. ಇದನ್ನು ಯಾವ ಎಂಜಿನಿಯರನೂ ಲೆಕ್ಕಕ್ಕೆ ತಂದುಕೊಳ್ಳುವುದು ಅಪರೂಪ. ಕಲಬುರಗಿ ಸೀಮೆಯವನು ನಡುರಾತ್ರಿ ಫೋನೆತ್ತಿ “ಹಳ್ಳ ಬಂದದರೀ” ಎಂದರೆ, ಹಳ್ಳದಲ್ಲಿ ಪ್ರವಾಹ ಏರಿ ದಾರಿ ಕಟ್ಟಿದೆ, ಬೇಗ ಬನ್ನಿ ಎಂದರ್ಥ. ರಾಜಧಾನಿಯ ಕಡೆ ಬೆಳೆದ ಕಿವಿಗೆ ಎಲ್ಲಿಗೋ ಹಳ್ಳ ಬಂದಿತಂತೆ ಎಂಬುದಷ್ಟೇ ಕೇಳಿಸೀತು. ಊರು ಯಾವುದು, ತಾಂಡಾ ಯಾವುದು, ಗಲ್ಲಿ ಯಾವುದು, ನಾಲಾ ಯಾವುದು ಎಂದು ಕೇಳಿ ಬಿಡಿಸಿಕೊಳ್ಳುವುದರಲ್ಲಿ ಕಳೆದ ಎರಡು ನಿಮಿಷ ಎಲ್ಲಿಂದ ಮರಳಿ ಬರಬೇಕು? ದಖನಿ ಉರ್ದು, ಲಂಬಾಣಿ, ತೆಲುಗು, ಮರಾಠಿಗಳು ಬೆರೆತ ಈ ಕನ್ನಡವನ್ನು ಬಲ್ಲವರು ಕೇಳುವ ಕಡೆಯಲ್ಲೂ ಇರಬೇಕು. ಅಲೆ ಎಷ್ಟೇ ಸ್ಪಷ್ಟವಾಗಿದ್ದರೂ ಮಾತು ತಿಳಿಯದಿದ್ದರೆ ಮೊರೆ ಮುಟ್ಟಲಿಲ್ಲವೆಂದೇ ಲೆಕ್ಕ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಮತ್ತೆ ಮತ್ತೆ ನೆಲ ಕಂಪಿಸಿ, ಜನ ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿ ಕಳೆದರು. ಲಾತೂರಿನ ನೆನಪಿದ್ದ ಹಿರಿಯರು ಆ ರಾತ್ರಿಗಳಲ್ಲಿ ಏನನ್ನು ನೆನೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದೇವರ ದಯದಿಂದ ದೊಡ್ಡ ಕೇಡೇನೂ ಆಗಲಿಲ್ಲ. ಇಂಥ ಬಿಡುವಿನ ಕಾಲದಲ್ಲೇ ಕಂಬ ನಿಲ್ಲಿಸುವ, ಬ್ಯಾಟರಿ ಬದಲಿಸುವ, ನೆರೆರಾಜ್ಯದವರೊಡನೆ ಒಂದೇ ಮಾತಿಗೆ ಬರುವ, ಊರೂರಿನಲ್ಲಿ ಇಬ್ಬರು ಮೂವರು ತರುಣರಿಗೆ ಹ್ಯಾಮ್ ಪರೀಕ್ಷೆ ಕಟ್ಟಿಸುವ ಕೆಲಸಗಳು ನಡೆಯಬೇಕು. ನಮ್ಮ ಕಾಲೇಜುಗಳು ಈ ಕೊನೆಯ ಕೆಲಸವನ್ನು ನಾಳೆಯೇ ಆರಂಭಿಸಬಹುದು. ಅದಕ್ಕೆ ಹೆಚ್ಚಿನ ಹಣವೂ ಬೇಡ. ಹುಯ್ಯಲು ಕೇಳಿ ಓಡಿದವನಿಗೆ ಕಲ್ಲು ನಿಲ್ಲಿಸುವುದರಲ್ಲಿ ನಮ್ಮ ಹಿಂದಿನವರು ಎಂದೂ ಜಿಪುಣರಾಗಲಿಲ್ಲ. ಓಡುವವನಿಗೆ ಹುಯ್ಯಲು ಹೊತ್ತಿಗೆ ಕೇಳಿಸಿ, ಅವನು ಹೋದಂತೆಯೇ ತಿರುಗಿ ಮನೆಗೆ ಬರುವ ಹಾಗೆ ನೋಡಿಕೊಳ್ಳುವುದು ಈಗ ನಮ್ಮ ಪಾಲಿಗೆ ಉಳಿದಿರುವ ಕೆಲಸ.